ಬರ್ತೀನಿ ಅಂದ ಮೇಲೆ

೪ ಜನವರಿ ೧೯೯೮, ಭಾನುವಾರ

ನಲವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿದ್ದೇನೆ. ನನ್ನ ಮಾರ್ಗದರ್ಶಕ ಡಾ. ಯೋಗೇಶ್ ಹದಿನಾಲ್ಕು ವರ್ಷದ ಹಿಂದೆ ನಾನು ಪಾಠ ಹೇಳುತ್ತಿದ್ದ ಬಿ.ಎ. ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದ. ಈಗ ಅವನು ಮಾತಾಡುತ್ತಾನೆ, ನಾನು ಆಕಳಿಕೆ ನುಂಗುತ್ತೇನೆ. ವಿದ್ಯೆ ಹೀಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ.

ಸಂಶೋಧನೆಯ ವಿಷಯ, ಜನ ದಿನನಿತ್ಯ ಪರಸ್ಪರ ಹೇಗೆ ಮಾತಾಡಿಕೊಳ್ಳುತ್ತಾರೆ ಎಂಬುದು. ಪಕ್ಕದ ಮನೆಯ ಉಚ್ಚಂಗಮ್ಮನಿಗೆ ಹೇಳಿದಾಗ ಆಕೆ, "ಅದಕ್ಕೂ ಡಾಕ್ಟರ್ ಅಂತ ಕೊಡ್ತಾರಾ ಮೇಡಂ? ಹಂಗಾದ್ರೆ ನಮ್ಮತ್ತೆಗೆ ಎರಡು ಕೊಡಬೇಕಿತ್ತು" ಎಂದರು. ಮನೆಗೆ ಬಂದುಹೋಗುವವರ ಮಾತನ್ನೆಲ್ಲ ಅವರ ಒಪ್ಪಿಗೆ ಪಡೆದು ಟೇಪ್‌ ಮಾಡಬೇಕು. ಆಮೇಲೆ ಒಂದಕ್ಷರ ಬಿಡದೆ ಬರೆದುಕೊಳ್ಳಬೇಕು. ಕೆಮ್ಮು, ನಗು, "ಹ್ಞೂಂ" ಎಲ್ಲವನ್ನೂ. ಸುಮ್ಮನಿದ್ದರೆ ಎಷ್ಟು ಸೆಕೆಂಡು ಸುಮ್ಮನಿದ್ದರು ಎಂಬುದನ್ನೂ. ಇಷ್ಟು ವರ್ಷ ಕವಿತೆ ಓದಿದವಳಿಗೆ ಇದೇನು ಹೊಸದಲ್ಲ. ಕವಿಗಳೂ ಹೇಳದೆ ಬಿಟ್ಟ ಜಾಗವನ್ನೇ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ.

ಮಧ್ಯಾಹ್ನ ಭದ್ರಾವತಿಯಿಂದ ಅಕ್ಕ ಬಂದಿದ್ದಳು. ವರ್ಷಕ್ಕೆ ಎರಡು ಸಲ ಬರುತ್ತಿದ್ದ ವಸಂತಕ್ಕ ಕಳೆದ ತಿಂಗಳಿನಿಂದ ಪ್ರತಿ ಭಾನುವಾರ ಬರುತ್ತಿದ್ದಾಳೆ. ಕಾರಣ ನನಗೆ ಗೊತ್ತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ ಮಾರ್ಚ್ ಕೊನೆಗೆ ನಿವೃತ್ತಳಾಗುತ್ತಾಳೆ. ಕ್ವಾರ್ಟರ್ಸ್ ಬಿಡಬೇಕು. ಭಾವ ಹೋಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಮದುವೆಯ ಗೋಜಿಗೇ ಹೋಗದ ತಂಗಿಯೊಬ್ಬಳು ಶಿವಮೊಗ್ಗದಲ್ಲಿ ಎರಡು ಕೋಣೆಯ ಮನೆಯಲ್ಲಿ ಪುಸ್ತಕಗಳ ಜೊತೆ ಇದ್ದಾಳೆ. ಇಲ್ಲಿಗೆ ಬಂದು ಇರಲಾ ಎಂದು ಕೇಳಬೇಕಾಗಿದೆ, ಕೇಳಲು ನಾಚಿಕೆ. ನಾನಾಗಿ ಕರೆಯುವುದಿಲ್ಲ. ಅವಳೇ ಕೇಳಲಿ. ಕೇಳಿದ ಮೇಲೆ, "ಅಡುಗೆಮನೆಯಲ್ಲಿ ನನ್ನ ಡಬ್ಬಿಗಳ ಜಾಗ ಬದಲಿಸೋ ಹಾಗಿಲ್ಲ" ಎಂದು ಷರತ್ತು ಹಾಕಿ ಒಪ್ಪಿಕೊಳ್ಳುತ್ತೇನೆ. ವಾಕ್ಯ ಸಿದ್ಧವಾಗಿದೆ.

೧೧ ಜನವರಿ, ಭಾನುವಾರ

ಟೇಪ್ ರೆಕಾರ್ಡರ್ ಮೇಜಿನ ಮೇಲಿಟ್ಟ ಕೂಡಲೇ ಉಚ್ಚಂಗಮ್ಮ ಸೆರಗು ಸರಿಪಡಿಸಿಕೊಂಡು ಆಕಾಶವಾಣಿಯವರಾದರು. "ನಮ್ಮ ಮನೆಯಲ್ಲಿ ಈ ದಿನ ಅವರೆಕಾಳಿನ ಸಾರನ್ನು ಮಾಡಲಾಗಿದೆ." ಹತ್ತು ನಿಮಿಷ ಕಳೆದ ಮೇಲೆ ಸುಸ್ತಾಗಿ ಮನುಷ್ಯರಾದರು. ನನ್ನ ಹಿತ್ತಲಿನ ನುಗ್ಗೆಮರ ಎಷ್ಟು ಸೊಂಪಾಗಿದೆ ಎಂದು ಎರಡು ಸಲ ಹೊಗಳಿದರು. ಕಾಯಿ ಬೇಕಿರಬಹುದು. ನಾನೇಕೆ ಕೇಳಲಿ.

ನಾನೊಂದು ಶಿಸ್ತು ಮಾಡಿಕೊಂಡಿದ್ದೇನೆ. ಬಂದವರು "ಬರ್ತೀನಿ" ಅಂದ ತಕ್ಷಣ ಸ್ಟಾಪ್ ಒತ್ತುತ್ತೇನೆ. ಮಾತುಕತೆ ಅಲ್ಲಿಗೆ ಮುಗಿಯಿತಲ್ಲ. ಆಮೇಲೆ ಜನ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ, ಗೇಟು ಹಿಡಿದುಕೊಂಡು ಏನೇನೋ ಎಳೆಯುತ್ತಾರೆ. ಅದಕ್ಕೆಲ್ಲ ಕ್ಯಾಸೆಟ್ ಯಾಕೆ ದಂಡ ಮಾಡಲಿ? ನಾನಂತೂ ಗೇಟಿನವರೆಗೆ ಹೋಗುವುದೇ ಇಲ್ಲ. ಒಳಗಿನಿಂದಲೇ "ಹ್ಞೂಂ, ಬನ್ನಿ" ಎಂದು ಬಾಗಿಲು ಹಾಕಿಕೊಳ್ಳುತ್ತೇನೆ.

ಅಕ್ಕ ಮೂರು ಗಂಟೆ ಕೂತಳು. ಸಂಭಾಷಣೆಯ ಮುಖ್ಯಾಂಶಗಳು: ಈ ಸಲದ ಕುಚ್ಚಲಕ್ಕಿಯಲ್ಲಿ ಕಲ್ಲು ಜಾಸ್ತಿ. ಅವಳ ಮಂಡಿನೋವು. ಅವಳು ಮಾಡಿದ ಅಗಸೆ ಚಟ್ನಿಪುಡಿ ಮುರುಗೇಶಪ್ಪ ಅನ್ನುವವರಿಗೆ ಬಹಳ ಹಿಡಿಸಿತು. ಈ ಮುರುಗೇಶಪ್ಪ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು, ರಿಟೈರಾಗಿ ಮೂರು ವರ್ಷವಾಯಿತು. ಆದರೂ ಮಧ್ಯಾಹ್ನದ ಊಟಕ್ಕೆ ಇನ್ನೂ ಕ್ಯಾಂಟೀನಿಗೇ ಬರುತ್ತಾರಂತೆ. ಹೆಂಡತಿ ಇಲ್ಲದ ಮನುಷ್ಯ, ಪಾಪ, ನಾಲಿಗೆಯ ರುಚಿ ಸತ್ತಿರಬೇಕು.

೧೫ ಜನವರಿ

ಎಳ್ಳು ಬೆಲ್ಲ ಕೊಡಲು ಹನ್ನೊಂದು ಮಂದಿ ಬಂದರು. ಹನ್ನೊಂದು ಮಂದಿಯೂ ಒಳ್ಳೆಯ ಮಾತಾಡೋಣ ಎಂದು ಹೇಳಿ, ಇನ್ನೊಬ್ಬರ ಮನೆಯ ಎಳ್ಳಿನಲ್ಲಿ ಕೊಬ್ಬರಿ ಕಡಿಮೆ ಎಂಬ ಮಾತಾಡಿದರು. ಉತ್ತಮ ಸಾಮಗ್ರಿ.

೨೫ ಜನವರಿ, ಭಾನುವಾರ

ಅಕ್ಕ ಇವತ್ತು ಹೊಸ ಸೀರೆ ಉಟ್ಟಿದ್ದಳು, ತಿಳಿ ನೇರಳೆ. "ಯಾರ ಮನೆ ಗೃಹಪ್ರವೇಶ?" ಎಂದೆ. "ಸುಮ್ನೆ ಕಣೇ, ಬೀರುನಲ್ಲಿಟ್ಟು ಏನ್ ಮಾಡ್ಲಿ?" ಎಂದಳು.

ಆಮೇಲೆ ಇದ್ದಕ್ಕಿದ್ದ ಹಾಗೆ, "ನಿಮ್ಮ ಕಾಲೇಜಿನ ಬಾಟನಿ ಮೇಡಂ ಚೆನ್ನಾಗಿದಾರಾ?" ಎಂದು ಕೇಳಿದಳು. ಐವತ್ತನೆಯ ವಯಸ್ಸಿನಲ್ಲಿ ಎರಡನೆಯ ಮದುವೆಯಾಗಿ ಇಡೀ ಸ್ಟಾಫ್ ರೂಮಿಗೆ ಒಂದು ವರ್ಷಕ್ಕಾಗುವಷ್ಟು ಕೆಲಸ ಕೊಟ್ಟವರು ಅವರು. ಅಂಥ ಅವಕಾಶ ಬಿಡುವುದುಂಟೇ? "ಚೆನ್ನಾಗಿದಾರೆ. ಆ ವಯಸ್ಸಲ್ಲಿ ಲಗ್ನಪತ್ರಿಕೆ ಹಂಚೋರು ಜೊತೆಗೆ ಓದೋದಕ್ಕೆ ಕನ್ನಡಕಾನೂ ಹಂಚಬೇಕಿತ್ತು" ಎಂದೆ. ಸ್ಟಾಫ್ ರೂಮಿನಲ್ಲಿ ಬಹಳ ಮೆಚ್ಚುಗೆ ಪಡೆದ ಮಾತು. ಅಕ್ಕ ನಗಲಿಲ್ಲ. ಅವಳಿಗೆ ಹಾಸ್ಯ ಅರ್ಥವಾಗಲು ಮೊದಲಿನಿಂದಲೂ ಹೊತ್ತು ಬೇಕು.

ಈಗ ಟೇಪ್ ಕೇಳಿ ಬರೆದುಕೊಂಡೆ. ನನ್ನ ಮಾತಿನ ನಂತರ ಒಂಬತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಅಕ್ಕ: "ಕಾಫಿಗೆ ಸಕ್ಕರೆ ಸ್ವಲ್ಪ ಕಮ್ಮಿ ಆಯ್ತು." ಅಂಚಿನಲ್ಲಿ ಗುರುತು ಹಾಕಿದೆ: ಸಮ್ಮತಿಯ ಮೌನ, ನಂತರ ವಿಷಯಾಂತರ.

೨ ಫೆಬ್ರವರಿ, ಸೋಮವಾರ

ಅಕ್ಕನ ಐದು ಭಾನುವಾರಗಳ ಟೇಪು ಮುಗಿದವು. ಮುರುಗೇಶಪ್ಪ ಎಂಬ ಹೆಸರು ನಲವತ್ತೊಂದು ಸಲ ಬಂದಿದೆ. ನನ್ನ ಹೆಸರು ಹನ್ನೆರಡು ಸಲ, ದೇವರ ಹೆಸರು ಆರು ಸಲ. ಮುರುಗೇಶಪ್ಪನವರಿಗೆ ಬಿ.ಪಿ. ಇದೆ. ಅವರು ಸೈಕಲ್ಲಿನ ಚೈನಿಗೆ ತಾವೇ ಎಣ್ಣೆ ಬಿಡುತ್ತಾರೆ. ಅವರಿಗೆ ಹಳೇನಗರದಲ್ಲಿ ಸ್ವಂತ ಮನೆಯಿದೆ, ಹಿಂದೆ ಎರಡು ದಾಸವಾಳದ ಗಿಡವಿದೆ. ನನ್ನ ತೀರ್ಮಾನ: ಕಾರ್ಖಾನೆಯ ಊರಿನ ಮಾತುಕತೆಯಲ್ಲಿ ಮೂರನೆಯವರ ಉಲ್ಲೇಖ ಬಹಳ ಹೆಚ್ಚು, ಏಕೆಂದರೆ ಅಲ್ಲಿಯವರಿಗೆ ಮಾತಾಡಲು ಬೇರೆ ವಿಷಯವಿಲ್ಲ. ಇದರ ಮೇಲೆ ಒಂದು ಪುಟ ಬರೆದೆ. ಚೆನ್ನಾಗಿ ಬಂದಿದೆ.

ಸಂಜೆ ಗಾಂಧಿ ಬಜಾರಿನ ಕಡೆ ಹೋಗಿದ್ದವಳು ಒಂದು ಒಂಟಿ ಮಂಚ ಕೊಂಡೆ. ಹಿಂದಿನ ಕೋಣೆಯ ಪುಸ್ತಕಗಳನ್ನು ಹಾಲಿಗೆ ಸಾಗಿಸಿದೆ. ಕಿಟಕಿಗೆ ಪರದೆ ಹಾಕಿದೆ. ಮಂಡಿನೋವಿನವಳು, ಎತ್ತರದ ಮಂಚ ಹತ್ತಲಾರಳು ಎಂದು ಹೇಳಿ ಅಂಗಡಿಯವನಿಂದ ಕಾಲು ಎರಡಂಗುಲ ಕುಯ್ಯಿಸಿದೆ. ಕೇಳುವುದಕ್ಕೆ ಅವಳಿಗೆ ಇನ್ನೆಷ್ಟು ಭಾನುವಾರ ಬೇಕೋ.

೧೦ ಫೆಬ್ರವರಿ, ಮಂಗಳವಾರ

ಯೋಗೇಶನಿಗೆ ಇಪ್ಪತ್ತು ಭೇಟಿಗಳ ಬರಹ ಕೊಟ್ಟು ಬಂದಿದ್ದೆ. ಇವತ್ತು ಕರೆಸಿದ. ಅರ್ಧ ಗಂಟೆ ಹಾಳೆ ತಿರುವಿ ಕನ್ನಡಕ ತೆಗೆದ.

"ಮೇಡಂ, ಇವರೆಲ್ಲ ಯಾಕೆ ಬಂದಿದ್ರು?"

"ಯಾಕೆ ಅಂದ್ರೆ? ಬಂದಿದ್ರು. ಮಾತಾಡ್ಸೋದಕ್ಕೆ."

"ಇಪ್ಪತ್ತಕ್ಕೆ ಇಪ್ಪತ್ತೂ ಜನ ಸುಮ್ಮನೆ ಬಂದಿದ್ರಾ? ಕೆಲಸ ಇಲ್ದೆ? ಎಲ್ಲಾರೂ ಹವಾಮಾನ ಹೇಳಿ ಎದ್ದು ಹೋಗಿದಾರೆ. ನೀವು ಟೇಪ್ ಯಾವಾಗ ಆಫ್ ಮಾಡ್ತೀರ?"

"ಬರ್ತೀನಿ ಅಂದಾಗ."

ಅವನು ನನ್ನನ್ನು ನೋಡಿದ ರೀತಿ ಇತ್ತಲ್ಲ, ಕೊನೆಯ ಬೆಂಚಿನವರನ್ನು ನಾನು ಆಗ ಹಾಗೇ ನೋಡುತ್ತಿದ್ದೆ. "ಅಯ್ಯೋ ಮೇಡಂ, ನಮ್ಮ ಜನ ಬಂದ ವಿಷಯ ಹೇಳೋದೇ ಬರ್ತೀನಿ ಅಂದ ಮೇಲಲ್ವಾ? ನಮ್ಮಮ್ಮ ಹೆಣ್ಣು ಕೇಳೋಕೆ ಹೋದವರು ಎರಡು ಗಂಟೆ ಅಡಿಕೆ ರೇಟು ಮಾತಾಡಿ, ಗೇಟ್ ಹತ್ರ ಬಂದು ಕೇಳಿದ್ರು. ಕೂತಿದ್ದಾಗ ಕೇಳಿದ್ರೆ ಇಲ್ಲ ಅನ್ನೋರಿಗೂ ಕಷ್ಟ, ಕೇಳೋರಿಗೂ ಕಷ್ಟ. ನಿಂತಿದ್ರೆ ಇಬ್ಬರಿಗೂ ಹೊರಡೋಕೆ ದಾರಿ ಇರತ್ತೆ."

ಕುಂಸಿಯ ಹುಡುಗ, ಕನ್ನಡ ಕಾಗುಣಿತ ಈಗಲೂ ತಪ್ಪುತ್ತದೆ. ಮನೆಗೆ ಬಂದು ನೋಡಿದರೆ ನನ್ನ ಇಪ್ಪತ್ತು ಕ್ಯಾಸೆಟ್ಟುಗಳು ಇಪ್ಪತ್ತು ಲಕೋಟೆಗಳಂತೆ ಮೇಜಿನ ಮೇಲಿದ್ದವು. ಯಾವುದರಲ್ಲೂ ಕಾಗದ ಇಲ್ಲ.

೧೧ ಫೆಬ್ರವರಿ

ಪರೀಕ್ಷೆ ಮಾಡಿಯೇ ಬಿಡೋಣ ಎಂದು ಉಚ್ಚಂಗಮ್ಮ ಹೊರಟಾಗ ನಾನೂ ಗೇಟಿನವರೆಗೆ ಹೋದೆ. ಆಕೆಗೆ ಎಷ್ಟು ಆಶ್ಚರ್ಯವಾಯಿತೆಂದರೆ ಎರಡು ಸಲ ಹಿಂತಿರುಗಿ ನೋಡಿದರು. ಗೇಟು ಹಿಡಿದು ನಿಂತರು. ಒಂದು ಕಾಲು ರಸ್ತೆಯಲ್ಲಿ, ಒಂದು ಕಾಲು ಒಳಗೆ.

"ಮೇಡಂ, ಬೇಜಾರು ಮಾಡ್ಕೋಬಾರ್ದು. ನಿಮ್ಮ ನುಗ್ಗೆಮರದ ಕಂಬಳಿಹುಳ ನಮ್ಮ ಬಟ್ಟೆ ಒಣಗಾಕೋ ತಂತಿ ಮೇಲೆ ಬೀಳ್ತಾವೆ. ನಮ್ಮ ಯಜಮಾನರ ಬನೀನಲ್ಲಿ ಒಂದಿತ್ತು. ಎರಡು ದಿವ್ಸ ಮೈಯೆಲ್ಲ ದದ್ದು."

"ಯಾವಾಗಿಂದ?"

"ದೀಪಾವಳಿಯಿಂದ ಹೇಳ್ಬೇಕು ಅಂತಿದೀನಿ. ನೀವು ಬಾಗ್ಲು ಹಾಕ್ಕೊಂಬಿಡ್ತೀರ."

ಹಾಗಾದರೆ ಅದು ಹೊಗಳಿಕೆಯಲ್ಲ, ದೂರು. ಕೊಂಬೆ ಕಡಿಸಲು ಆಳಿಗೆ ಹೇಳಿದ್ದೇನೆ.

ಇನ್ನು ಭಾನುವಾರ ಅಕ್ಕನ ಸರದಿ. ಅವಳಿಗೆ ಬೇಕಾದದ್ದು ಗೇಟು ಅಷ್ಟೆ. ಗೇಟಿನವರೆಗೆ ಹೋಗುತ್ತೇನೆ, ಕೇಳುತ್ತಾಳೆ, ನಾನು ಡಬ್ಬಿಗಳ ಷರತ್ತು ಹೇಳುತ್ತೇನೆ. ಏಪ್ರಿಲ್ ಒಂದಕ್ಕೆ ಲಾರಿ ಗೊತ್ತು ಮಾಡಬೇಕು.

೧೫ ಫೆಬ್ರವರಿ, ಭಾನುವಾರ

ಹಿಂದಿನ ಕೋಣೆಯ ಬಾಗಿಲು ತೆರೆದಿಟ್ಟಿದ್ದೆ. ಅಕ್ಕ ಮಂಚ ನೋಡಿದಳು. "ಯಾರಿಗೆ?" ಎಂದಳು. "ಯಾರಿಗಾದ್ರೂ ಬೇಕಾಗತ್ತೆ" ಎಂದೆ. ಅವಳ ಮುಖ ಒಂದು ಥರ ಆಯಿತು. ಸಂತೋಷ ಎಂದುಕೊಂಡೆ.

ಐದು ಗಂಟೆಗೆ ಎದ್ದು "ಬರ್ತೀನಿ ಕಣೇ" ಎಂದಳು. ರೆಕಾರ್ಡರ್ ಕೈಯಲ್ಲೇ ಹಿಡಿದು ಅವಳ ಜೊತೆ ಹೋದೆ. ಗೇಟಿನ ಸರಳನ್ನು ಹಿಡಿದುಕೊಂಡು ಅದರ ತುಕ್ಕು ಕೆರೆಯುತ್ತಾ ನಿಂತಳು.

"ಅದನ್ನ ಆರಿಸು ಸುಭದ್ರಾ."

ಸ್ಟಾಪ್ ಒತ್ತಿದೆ.

"ನಾನು ಒಂದು ವಿಷಯ ಹೇಳ್ಬೇಕಿತ್ತು. ನೀನು ನಗಬಾರ್ದು."

"ಗೊತ್ತು ಬಿಡೇ. ಕೋಣೆ ರೆಡಿ ಇದೆಯಲ್ಲ."

"ಕೋಣೆ ಅಲ್ಲ." ತುಕ್ಕಿನ ಚೂರು ಉಗುರಿನಿಂದ ತೆಗೆದಳು. "ಮುರುಗೇಶಪ್ಪನವರೂ ನಾನೂ ರಿಜಿಸ್ಟರ್ ಮಾಡ್ಕೊಳ್ಳೋಣ ಅಂತಿದೀವಿ. ನೋಟೀಸು ಕೊಟ್ಟಾಗಿದೆ. ಮಾರ್ಚ್ ಇಪ್ಪತ್ತನೇ ತಾರೀಖು. ಸಾಕ್ಷಿಗೆ ಮೂರು ಜನ ಬೇಕಂತೆ. ಅವರ ಕಡೆಯಿಂದ ಇಬ್ಬರು ಬರ್ತಾರೆ. ನನ್ನ ಕಡೆಯಿಂದ ನೀನಲ್ದೆ ಯಾರಿದಾರೆ?"

ನಲವತ್ತೊಂದು ಸಲ. ಎಣಿಸಿದವಳು ನಾನೇ.

ಅಲ್ಲಿ ಸುಮ್ಮನಿದ್ದರೆ ಸಾಕಿತ್ತು. ಒಂಬತ್ತು ಸೆಕೆಂಡು ಬೇಡ, ಎರಡೇ ಸೆಕೆಂಡು. ಆದರೆ ನನ್ನ ಬಾಯಲ್ಲಿ ವಾಕ್ಯಗಳು ಯಾವಾಗಲೂ ಇಸ್ತ್ರಿ ಮಾಡಿಕೊಂಡು ಸಿದ್ಧವಾಗಿರುತ್ತವೆ. "ಚಟ್ನಿಪುಡಿ ಇಷ್ಟವಾಯ್ತು ಅಂದಿದ್ದಕ್ಕೆ ಇಷ್ಟು ದೂರ ಬಂತಾ? ಉಪ್ಪಿನಕಾಯಿನೂ ಕೊಟ್ಟಿದ್ರೆ ಏನಾಗ್ತಿತ್ತೋ" ಎಂದೆ.

ಅಕ್ಕ ರಸ್ತೆಗಿಳಿದು ಗೇಟು ಎಳೆದುಕೊಂಡಳು. ಅಗುಳಿಯನ್ನು ಹೊರಗಿನಿಂದ ಕೈ ಹಾಕಿ ಅವಳೇ ಹಾಕಿದಳು.

೧೬ ಫೆಬ್ರವರಿ

ಕಾಲೇಜಿಗೆ ಹೋದೆ. ಬಂದೆ.

೧೯ ಫೆಬ್ರವರಿ, ಗುರುವಾರ

ನನಗೇನೂ ಬೇಸರವಿಲ್ಲ. ಐವತ್ತೆಂಟು ವರ್ಷದ ಹೆಂಗಸು ಯಾರ ಜೊತೆ ಸಂಸಾರ ಹೂಡಿದರೂ ಅದು ಅವಳ ಇಷ್ಟ. ಮಂಚ ಮಾತ್ರ ವ್ಯರ್ಥವಾಯಿತು. ಅದರ ಮೇಲೆ ಪುಸ್ತಕ ಜೋಡಿಸೋಣವೆಂದು ಹೋಗಿ, ಸ್ವಲ್ಪ ಹೊತ್ತು ಕೂತು ಎದ್ದು ಬಂದೆ. ಎತ್ತರ ಸರಿಯಾಗಿಯೇ ಇದೆ.

ಅಧ್ಯಾಯ ತಿದ್ದಬೇಕಿತ್ತು. ಜನವರಿ ಇಪ್ಪತ್ತೈದರ ಟೇಪ್ ಮತ್ತೆ ಹಾಕಿದೆ. ನನ್ನ ಕನ್ನಡಕದ ಮಾತು, ಅದಾದ ಮೇಲೆ ನನ್ನದೇ ನಗು. ಸ್ಟಾಫ್ ರೂಮಿನಲ್ಲಿ ಇತರರೂ ನಗುತ್ತಿದ್ದುದರಿಂದ ನನ್ನ ನಗು ಇಷ್ಟು ಗಟ್ಟಿಯಾಗಿದೆ ಎಂದು ಗೊತ್ತಿರಲಿಲ್ಲ. ಆಮೇಲೆ ಆ ಒಂಬತ್ತು ಸೆಕೆಂಡು. ಏನೂ ಇಲ್ಲ ಎಂದು ಬರೆದುಕೊಂಡಿದ್ದೆ. ಇದೆ. ವಾಲ್ಯೂಮ್ ಏರಿಸಿದರೆ ಲೋಟವನ್ನು ತಟ್ಟೆಯ ಮೇಲೆ ಇಡುವ ಸದ್ದು. ಮತ್ತೆ ಎತ್ತಿ, ಮತ್ತೆ ಇಡುವ ಸದ್ದು. ಒಂದು ಸಲ ಉಸಿರು ಎಳೆದುಕೊಂಡದ್ದು, ಮಾತು ಶುರುಮಾಡುವವರು ಎಳೆದುಕೊಳ್ಳುವ ಹಾಗೆ. ಆ ಉಸಿರಿನಲ್ಲಿ ಕೊನೆಗೆ ಬಂದದ್ದು ಸಕ್ಕರೆಯ ಮಾತು.

ಅಮ್ಮ ಹೋದಾಗ ನನಗೆ ಎಂಟು, ಅವಳಿಗೆ ಹದಿನೆಂಟು. ನನಗೆ ಜಡೆ ಹೆಣೆಯುತ್ತಾ ಹೆಣೆಯುತ್ತಾ ಅವಳ ಮದುವೆ ಒಂಬತ್ತು ವರ್ಷ ಮುಂದಕ್ಕೆ ಹೋಯಿತು. ಇದನ್ನು ಅವಳು ಯಾವತ್ತೂ ಹೇಳಿಲ್ಲ. ಯಾವ ಗೇಟಿನಲ್ಲೂ.

ಅಂಚಿನಲ್ಲಿದ್ದ "ಸಮ್ಮತಿಯ ಮೌನ" ಹೊಡೆದುಹಾಕಿದೆ. ಬದಲಿಗೆ ಏನು ಬರೆಯಬೇಕೆಂದು ಹೊಳೆಯಲಿಲ್ಲ. ಖಾಲಿ ಬಿಟ್ಟಿದ್ದೇನೆ. ಶಿಷ್ಯೋತ್ತಮ ಯೋಗೇಶ ಕೇಳಿದರೆ ಏನಾದರೂ ಹೇಳೋಣ.

೨೨ ಫೆಬ್ರವರಿ, ಭಾನುವಾರ

ಅಕ್ಕ ಬರಲಿಲ್ಲ. ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಆಯಿತು. ಉಚ್ಚಂಗಮ್ಮನನ್ನು ಕರೆದು ಕೊಟ್ಟೆ. ನುಗ್ಗೆಕೊಂಬೆ ಕಡಿಸಿದ್ದಕ್ಕೆ ಧನ್ಯವಾದ ಹೇಳಿದರು. ಗೇಟಿನ ಹತ್ತಿರ ನಲವತ್ತು ನಿಮಿಷ ನಿಂತರು. ಮಗ ಸೇನೆಗೆ ಸೇರುತ್ತೇನೆ ಅನ್ನುತ್ತಿದ್ದಾನಂತೆ, ಅವರಿಗೆ ಭಯವಂತೆ. ನನಗೆ ಅನ್ನುವುದಕ್ಕೆ ಒಳ್ಳೆಯ ಮಾತೊಂದು ಹೊಳೆದಿತ್ತು, ಬೇಡವೆನಿಸಿತು. ಸೋಮಾರಿತನ.

"ಮೇಡಂ, ನಿಮ್ಮ ಅಕ್ಕ ಯಾಕೆ ಬಂದಿಲ್ಲ?"

"ಮದುವೆ ಕೆಲಸ ಇರತ್ತಲ್ಲ" ಎಂದೆ.

"ಯಾರ್ದು?"

"ಅವಳದ್ದೇ."

ಉಚ್ಚಂಗಮ್ಮ ಗೇಟು ಹಿಡಿದುಕೊಂಡೇ ನನ್ನ ಮುಖ ನೋಡಿದರು, ನಗಬೇಕೋ ಬೇಡವೋ ಎಂದು ನನ್ನಿಂದ ಅಪ್ಪಣೆ ಕೇಳುವ ಹಾಗೆ. "ಮುರುಗೇಶಪ್ಪ ಅಂತ. ಕ್ರೇನ್ ಓಡಿಸ್ತಿದ್ರು. ಹಿತ್ತಲಲ್ಲಿ ಎರಡು ದಾಸವಾಳದ ಗಿಡ ಇದೆಯಂತೆ" ಎಂದೆ. ಇಷ್ಟು ವಿವರ ಯಾರು ಕೇಳಿದ್ದರು?

೧ ಮಾರ್ಚ್, ಭಾನುವಾರ

ಅಧ್ಯಾಯ ಬರೆಯಲು ಕೂತವಳು ಹನ್ನೊಂದೂವರೆಗೆ ಎದ್ದು ಭದ್ರಾವತಿಯ ಬಸ್ ಹತ್ತಿದೆ. ಬಸ್ಸಿನಲ್ಲಿ ಮೂರು ವಾಕ್ಯ ಸಿದ್ಧಮಾಡಿಕೊಂಡೆ. ಮೂರೂ ಸರಳ, ನೇರ, ಕ್ಷಮೆಯಾಚನೆಯ ಉತ್ತಮ ಮಾದರಿಗಳು. ಬಾಗಿಲಲ್ಲೇ ಹೇಳಿಬಿಡುವುದು ಎಂದು ನಿರ್ಧರಿಸಿದ್ದೆ. ವಿದ್ಯಾವಂತರು ವಿಷಯಕ್ಕೆ ನೇರವಾಗಿ ಬರಬೇಕು.

ಅಕ್ಕ ಬಾಗಿಲು ತೆರೆದಳು. ಹಿಂದೆ ಹಾಲಿನಲ್ಲಿ ಒಬ್ಬರು ಸ್ಟೂಲ್ ಮೇಲೆ ನಿಂತು ಗೋಡೆ ಗಡಿಯಾರ ಬಿಚ್ಚುತ್ತಿದ್ದರು. ಎತ್ತರದ, ಬಡಕಲು ಮನುಷ್ಯ, ಕಿವಿಯ ಮೇಲೆ ಬಿಳಿ ಕೂದಲು. ನನ್ನನ್ನು ನೋಡಿ ಸ್ಟೂಲಿನಿಂದ ಇಳಿಯುವ ಅವಸರದಲ್ಲಿ ಎಡವಿದರು. "ನಮಸ್ಕಾರ ಮೇಡಂ. ಟೇಪ್ ಮಾಡ್ತೀರಂತೆ" ಎಂದರು, ಸ್ವಲ್ಪ ಹೆದರಿದ ಹಾಗೆ.

"ಇವತ್ತು ತಂದಿಲ್ಲ" ಎಂದೆ.

ಊಟಕ್ಕೆ ಕೂರಿಸಿದಳು. ಅಗಸೆ ಚಟ್ನಿಪುಡಿ ಇತ್ತು. ಅಕ್ಕ ಬಡಿಸಲೋ ಬೇಡವೋ ಎಂದು ಡಬ್ಬಿ ಹಿಡಿದುಕೊಂಡೇ ನಿಂತಳು. ಎರಡು ಚಮಚ ಹಾಕಿಸಿಕೊಂಡೆ. ಊಟವಾದ ಮೇಲೆ ಅಕ್ಕಿಯ ಕಲ್ಲು, ಬಿಸಿಲು, ಶಿವಮೊಗ್ಗದ ಸಿಟಿ ಬಸ್ಸುಗಳು, ಬಿ.ಪಿ.ಯ ಮಾತ್ರೆ. ಮುರುಗೇಶಪ್ಪನವರು ಗಡಿಯಾರದ ಮುಳ್ಳು ಒರೆಸುತ್ತಾ ಸುಮಾರು ಹತ್ತು ಮಾತಾಡಿದರು. ಅವುಗಳಲ್ಲಿ ಏಳು "ಹೌದೌದು". ಎರಡೂವರೆ ಗಂಟೆ ಕಳೆಯಿತು. ಮೂರು ವಾಕ್ಯಗಳು ನನ್ನ ಬಾಯಲ್ಲೇ ತಣ್ಣಗಾದವು.

ಐದೂಕಾಲಿಗೆ "ಬರ್ತೀನಿ ಅಕ್ಕ" ಎಂದು ಎದ್ದೆ. ಅಕ್ಕ ಒಳಗೇ ನಿಲ್ಲಬಹುದಿತ್ತು. ಬಂದಳು. ಕ್ವಾರ್ಟರ್ಸಿನ ಗೇಟು ಮರದ್ದು, ತುಕ್ಕು ಕೆರೆಯುವ ಅನುಕೂಲವಿರಲಿಲ್ಲ. ಒಂದು ಸಿಬಿರು ಕಿತ್ತೆ.

"ಸಾಕ್ಷಿ ಸಹಿ ಕನ್ನಡದಲ್ಲಿ ಹಾಕಬಹುದಾ?" ಎಂದೆ.

ಗಡಿಯಾರ ಕೈಯಲ್ಲಿಲ್ಲದಿದ್ದರೂ ಹೇಳುತ್ತೇನೆ, ಸುಮಾರು ಆರು ಸೆಕೆಂಡು.

"ಯಾವ ಭಾಷೇಲಾದ್ರೂ ಹಾಕು ಮಾರಾಯ್ತಿ. ಹಾಕು ಅಷ್ಟೆ" ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ಕನ್ನಡಕ ನಾವೇ ತಂದಿರ್ತೀವಿ" ಎಂದಳು.

ಅವಳಿಗೆ ಹಾಸ್ಯ ಅರ್ಥವಾಗಲು ಹೊತ್ತು ಬೇಕು ಎಂದು ಹಿಂದೆಲ್ಲೋ ಬರೆದಿದ್ದೇನೆ. ಐದು ವಾರ ಆಯಿತು.

"ಹಿಂದಿನ ಕೋಣೆ ಹಂಗೇ ಇರತ್ತೆ" ಎಂದೆ. "ಬಂದಾಗ ಉಳ್ಕೊಳ್ಳಿ, ಇಬ್ಬರೂ. ಮಂಚ ಒಂದಾಳಿಂದು. ಅದು ನಿನಗೆ. ಅವರು ನೆಲ."

"ಅವರಿಗೆ ನೆಲಾನೇ ಇಷ್ಟ. ಬೆನ್ನಿಗೆ ಒಳ್ಳೇದಂತೆ" ಎಂದಳು ಅಕ್ಕ. ಅಲ್ಲಿಂದ ಅವರ ಬೆನ್ನಿನ ವಿಷಯ ಶುರುವಾಯಿತು. ಅದಾದ ಮೇಲೆ ಅವರ ಮೊದಲನೆಯ ಹೆಂಡತಿಯ ವಿಷಯ. ಒಂದು ದಿನ ಮುರುಗೇಶಪ್ಪನವರು ಊಟದ ತಟ್ಟೆ ತಾವೇ ತೊಳೆದಿಟ್ಟು ಹೋದರಂತೆ, ಇಪ್ಪತ್ತೆರಡು ವರ್ಷದಲ್ಲಿ ಕ್ಯಾಂಟೀನಿನಲ್ಲಿ ಬೇರೆ ಯಾರೂ ಹಾಗೆ ಮಾಡಿಲ್ಲವಂತೆ. ಭಾವನ ಫೋಟೋ ಆ ಮನೆಗೆ ಒಯ್ಯಬಹುದೋ ಎಂದು ಕೇಳಿದರೆ, ಇವರೇ ಮೊಳೆ ಹೊಡೆದು ಜಾಗ ಮಾಡಿಟ್ಟಿದ್ದಾರಂತೆ. ಐದೂವರೆಯ ಬಸ್ಸು ಹೋಯಿತು. ಆರರದ್ದೂ ಹೋಯಿತು. ಮುರುಗೇಶಪ್ಪನವರು ಒಳಗಿನಿಂದ ಎರಡು ಸಲ ಇಣುಕಿ, ಕೊನೆಗೆ ಎರಡು ಕುರ್ಚಿ ತಂದು ಗೇಟಿನ ಬಳಿ ಇಟ್ಟು ಹೋದರು. ನಾವು ಕೂರಲಿಲ್ಲ.

ಮನೆ ತಲುಪಿದಾಗ ಎಂಟು. ರೆಕಾರ್ಡರ್ ಒಯ್ದಿರಲಿಲ್ಲ, ಟಿಪ್ಪಣಿ ಮಾಡಿಕೊಂಡಿಲ್ಲ, ಅಧ್ಯಾಯ ಒಂದು ಸಾಲೂ ಮುಂದೆ ಹೋಗಿಲ್ಲ. ಸಂಶೋಧನೆಯ ದೃಷ್ಟಿಯಿಂದ ಪೂರ್ತಿ ವ್ಯರ್ಥವಾದ ಭಾನುವಾರ.